ನಂಗಿನ ಬೆನ್ನು ಯಾವುದು, ತೊರಕೆಯ ಬೆನ್ನು ಯಾವುದು?

ಪ್ರಶ್ನೆ – ಕರಾವಳಿಯ ವಿಜ್ಞಾನ ಶಿಕ್ಷಕ

ನಮಸ್ಕಾರ. ಮಲ್ಪೆ ಬಂದರಿಗೆ ಬರುವ ಮೀನುಗಳನ್ನು ಮಕ್ಕಳು ತಾವೇ ಗುರುತಿಸಿ ದಾಖಲಿಸಲೆಂದು ಕನ್ನಡದಲ್ಲಿ ಒಂದು ನಮೂನೆಯನ್ನು ಸಿದ್ಧಪಡಿಸುತ್ತಿದ್ದೇನೆ. ಬಂಗಡೆ, ಬೂತಾಯಿಗಳ ಮಟ್ಟಿಗೆ ತೊಂದರೆಯಾಗಲಿಲ್ಲ. ನಾಲಿಗೆಯಂತೆ ಚಪ್ಪಟೆಯಾದ ನಂಗಿನ (ಟಂಗ್ ಸೋಲ್) ಸರದಿ ಬಂದಾಗ ಮಕ್ಕಳು ‘ಬೆನ್ನು ಕಂದು, ಹೊಟ್ಟೆ ಬಿಳಿ’ ಎಂದು ಬರೆದರು. ಅದನ್ನು ಓದಿದ ಪರಿಚಿತ ಸಂಶೋಧಕರೊಬ್ಬರು ಅದು ಬೆನ್ನೂ ಅಲ್ಲ, ಹೊಟ್ಟೆಯೂ ಅಲ್ಲ ಎಂದರು. ತೊರಕೆಯ (ರೇ ಮೀನು) ಬಗ್ಗೆ ಅದೇ ಮಾತನ್ನು ಬರೆದಿದ್ದಕ್ಕೆ ಮಾತ್ರ ಸರಿ ಎಂದರು. ಎರಡೂ ಚಪ್ಪಟೆ, ಎರಡೂ ಮರಳಿನ ಮೇಲೆ ಮಲಗುವವು. ಹಾಗಿದ್ದೂ ಈ ಭೇದವೇಕೆ? ಜೊತೆಗೆ, ‘ನೆಲೆ’ ಎಂಬ ಅಂಕಣದಲ್ಲಿ ಎರಡಕ್ಕೂ ‘ತಳವಾಸಿ’ ಎಂದು ಬರೆದರೆ ಸಾಕೇ?

ಉತ್ತರ 1 – ಮೀನಶಾಸ್ತ್ರದ ವಿದ್ಯಾರ್ಥಿನಿ

ಸಂಶೋಧಕರು ಹೇಳಿದ್ದು ಸರಿ. ತೊರಕೆ ಮೇಲಿನಿಂದ ಅದುಮಿದಂತೆ ಚಪ್ಪಟೆಯಾದ ಪ್ರಾಣಿ. ಅದು ನಿಜವಾಗಿಯೂ ಹೊಟ್ಟೆಯ ಮೇಲೆ ಮಲಗುತ್ತದೆ. ಎದೆಯ ಈಜುರೆಕ್ಕೆಗಳು ಅಗಲವಾಗಿ ಬೆಳೆದು ತಲೆಯೊಂದಿಗೆ ಕೂಡಿಕೊಂಡು ಆ ತಟ್ಟೆಯಂಥ ದೇಹವಾಗಿದೆ. ಬಾಯಿಯೂ ಸಾಮಾನ್ಯವಾಗಿ ಐದು ಜೊತೆಯಿರುವ ಕಿವಿರು ಸೀಳುಗಳೂ ಕೆಳಬದಿಯಲ್ಲಿವೆ. ಮರಳಿನಲ್ಲಿ ಹುದುಗಿರುವಾಗ ಕಣ್ಣುಗಳ ಹಿಂದಿರುವ ಎರಡು ರಂಧ್ರಗಳ ಮೂಲಕ ಅದು ನೀರನ್ನು ಎಳೆದುಕೊಳ್ಳುತ್ತದೆ. ಶಾರ್ಕಿನಂತೆ ಕಾಣುವ ಗಿಟಾರ್ ಮೀನನ್ನು ತೊರಕೆಗಳ ಬಳಗಕ್ಕೆ ಸೇರಿಸುವಾಗಲೂ ನೋಡುವುದು ಇದನ್ನೇ: ಶಾರ್ಕಿನ ಕಿವಿರು ಸೀಳುಗಳು ಪಕ್ಕದಲ್ಲಿರುತ್ತವೆ, ಗಿಟಾರ್ ಮೀನಿನವು ಅಡಿಯಲ್ಲಿ.

ನಂಗಿನ ಕತೆಯೇ ಬೇರೆ. ಮೊಟ್ಟೆಯೊಡೆದು ಬಂದ ಮರಿಗೆ ಬೇರೆಲ್ಲ ಮೀನುಗಳಂತೆ ಪಕ್ಕಕ್ಕೊಂದು ಕಣ್ಣಿರುತ್ತದೆ. ಬೆಳೆಯುತ್ತಿರುವಾಗ ಬಲಗಣ್ಣು ತಲೆಯ ಮೇಲಿನಿಂದ ಎಡಪಕ್ಕಕ್ಕೆ ಸರಿದು, ಮೀನು ತನ್ನ ಬಲಮಗ್ಗುಲಿಗೆ ಮಲಗುವುದನ್ನು ರೂಢಿಸಿಕೊಳ್ಳುತ್ತದೆ. ಆದ್ದರಿಂದ ಮಕ್ಕಳು ಕಂಡ ಕಂದು ಬಣ್ಣದ ಭಾಗ ‘ಕಣ್ಣಿರುವ ಪಕ್ಕ’, ಬಿಳಿಯ ಭಾಗ ‘ಕುರುಡು ಪಕ್ಕ’. ನಿಜವಾದ ಬೆನ್ನೆಂದರೆ ಉದ್ದನೆಯ ಬೆನ್ನಿನ ಈಜುರೆಕ್ಕೆ ಹಬ್ಬಿರುವ ಅಂಚು ಮಾತ್ರ. ನಂಗಿನಲ್ಲಿ ಈ ರೆಕ್ಕೆಯೂ ಗುದದ ರೆಕ್ಕೆಯೂ ಬಾಲದ ರೆಕ್ಕೆಯೊಂದಿಗೆ ಬೆಸೆದುಕೊಂಡಿರುತ್ತವೆ. ಎದೆಯ ರೆಕ್ಕೆಗಳಂತೂ ಇಲ್ಲವೇ ಇಲ್ಲ. ಇದು ಪದಗಳ ಕುರಿತ ಹಟವಷ್ಟೇ ಅಲ್ಲ. ನಂಗಿನ ಕುಟುಂಬದಲ್ಲಿ ಕಣ್ಣುಗಳು ಎಡಕ್ಕಿರುತ್ತವೆ, ಪಟ್ಟೆಪಟ್ಟೆಯ ಜೀಬ್ರಾ ಸೋಲ್ ಸೇರಿರುವ ಕುಟುಂಬದಲ್ಲಿ ಬಲಕ್ಕೆ. ‘ಬೆನ್ನು’ ಎಂದು ಬರೆದುಬಿಟ್ಟರೆ ಈ ಮೊದಲ ಗುರುತೇ ದಾಖಲೆಯಿಂದ ಅಳಿಸಿಹೋಗುತ್ತದೆ.

ಉತ್ತರ 2 – ಮೀನು ಮಾರುವ ಮನೆಯವಳು

ಎಡ ಯಾವುದು, ಬಲ ಯಾವುದು ಎಂದು ಮಕ್ಕಳು ಗೊಂದಲಪಡದಿರಲು ಒಂದು ಉಪಾಯವಿದೆ. ನಂಗನ್ನು ಶುಚಿ ಮಾಡುವಾಗ ಕರುಳಿನ ಪುಟ್ಟ ಚೀಲ ತಲೆಯ ಹಿಂದೆ ಒಂದೇ ಅಂಚಿನಲ್ಲಿ ಸಿಗುತ್ತದೆ. ಆ ಅಂಚನ್ನು ಕೆಳಗಿಟ್ಟು, ಕಣ್ಣುಗಳು ನಮ್ಮತ್ತ ಇರುವಂತೆ ಹಿಡಿದಾಗ ಮೂತಿ ನಮ್ಮ ಎಡಗೈ ಕಡೆಗಿದ್ದರೆ ಅದು ಎಡಗಣ್ಣಿನ ಮೀನು. ಚರ್ಮ ಸುಲಿಯುವ ಮೊದಲೇ ನೋಡಿ ಎಂದು ಮಕ್ಕಳಿಗೆ ಹೇಳಿ. ಸುಲಿದ ಮೇಲೆ ಮೈಯುದ್ದಕ್ಕೂ ಸಾಗುವ ಗೆರೆಗಳಾದ ಪಾರ್ಶ್ವರೇಖೆಗಳನ್ನು ಎಣಿಸಲು ಏನೂ ಉಳಿದಿರುವುದಿಲ್ಲ.

ಉತ್ತರ 3 – ನಿವೃತ್ತ ಜೀವಶಾಸ್ತ್ರ ಅಧ್ಯಾಪಕ

ನೆಲೆಯ ಪ್ರಶ್ನೆಗೆ ಬರುತ್ತೇನೆ. ‘ತಳವಾಸಿ’ ಎಂಬ ಒಂದೇ ಪದದಲ್ಲಿ ನಾವು ಎರಡು ಅರ್ಥಗಳನ್ನು ತುರುಕಿದ್ದೇವೆ. ತಳದ ಮೇಲೆ ಅಥವಾ ತಳದೊಳಗೆ ಬದುಕುವುದು ಬೆಂಥಿಕ್. ತಳದ ಸಮೀಪದಲ್ಲೇ ಈಜುತ್ತ ಅಲ್ಲಿಯೇ ಆಹಾರ ಹುಡುಕುವುದು ಡಿಮರ್ಸಲ್. ನಂಗ್, ತೊರಕೆ ಮತ್ತು ಪಿಂಕ್ ಪರ್ಚ್ ಎಂದು ಮಾರಾಟವಾಗುವ ಮದ್ಮಲ್ ದೋಣಿಯ ಹಿಂದೆ ಎಳೆಯುವ ಒಂದೇ ಟ್ರಾಲ್ ಬಲೆಯಲ್ಲಿ ಬರಬಹುದು, ಆದರೆ ಮದ್ಮಲ್ ಕೆಸರಿಗೆ ಮೈ ಒತ್ತಿ ಮಲಗುವ ಮೀನಲ್ಲ. ಆದ್ದರಿಂದ ‘ತಳಕ್ಕೆ ಅಂಟಿದ’ ಮತ್ತು ‘ತಳದ ಸಮೀಪದ’ ಎಂದು ಎರಡಾಗಿ ಬರೆಸಿ. ಪೆಲಾಜಿಕ್ ಎಂಬುದನ್ನು ‘ಮೇಲ್ನೀರಿನ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಬೂತಾಯಿಗೆ ಅದು ಹೊಂದುತ್ತದೆ, ನಿಜ. ಆದರೆ ಹಗಲನ್ನು 200 ಮೀಟರಿಗಿಂತ ಆಳದಲ್ಲಿ ಕಳೆದು ಇರುಳಿನಲ್ಲಿ ಮೇಲೇರುವ ಲಾಂದ್ರ ಮೀನುಗಳೂ ಪೆಲಾಜಿಕ್ ಜೀವಿಗಳೇ. ತಳದ ಹಂಗಿಲ್ಲದೆ ನೀರಿನ ನಡುವೆ ಬದುಕುವುದು ಎಂಬುದೇ ಆ ಪದದ ತಿರುಳು. ಅದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು: ‘ಮಲ್ಪೆ ಬಂದರು’ ಎಂಬುದು ಮೀನು ಇಳಿದ ಜಾಗವೇ ಹೊರತು ಅದರ ನೆಲೆಯಲ್ಲ. ಎಷ್ಟು ಮಾರು ನೀರಿನಲ್ಲಿ ಬಲೆ ಬಿಟ್ಟಿರಿ, ತಳದಲ್ಲಿದ್ದದ್ದು ಕೆಸರೋ ಮರಳೋ ಬಂಡೆಯೋ ಎಂದು ದೋಣಿಯವರನ್ನೇ ಕೇಳಬೇಕು. ಒಂದು ಮಾರೆಂದರೆ ಸುಮಾರು 1.8 ಮೀಟರ್, ಅವರು ಹೇಳಿದ ಲೆಕ್ಕವನ್ನೂ ಮೀಟರಿನ ಲೆಕ್ಕವನ್ನೂ ಜೊತೆಯಲ್ಲೇ ಬರೆಯಿರಿ.

ಪ್ರಶ್ನಿಸಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು; ನಮೂನೆಯನ್ನು ತಿದ್ದುತ್ತಿದ್ದೇನೆ. ನಾವು ನೋಡಿದ ತೊರಕೆಗಳಲ್ಲಿ ಹಲವಕ್ಕೆ ಬಾಲವೇ ಇರಲಿಲ್ಲ. ‘ಒಟ್ಟು ಉದ್ದ’ದ ಜಾಗದಲ್ಲಿ ಏನು ಬರೆಸಲಿ?

ಉತ್ತರ 4 – ಮೀನಶಾಸ್ತ್ರದ ವಿದ್ಯಾರ್ಥಿನಿ

ಮುಳ್ಳಿನ ಭಯದಿಂದ ದೋಣಿಯಲ್ಲೇ ಬಾಲವನ್ನು ಕತ್ತರಿಸಿರುತ್ತಾರೆ. ಮುಳ್ಳು ತೊರಕೆಗಳಿಗೆ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ‘ತಟ್ಟೆಯ ಅಗಲ’ವನ್ನು ಅಳೆಯುವುದೇ ಕ್ರಮ. ಬಾಲ ತುಂಡಾಗಿತ್ತು ಎಂಬುದನ್ನು ಷರಾದಲ್ಲಿ ಸೇರಿಸಿ.