ಕೌದಿ ಹೊಲಿಯುವ ಗುಂಪಿಗೆ ವರ್ಷದ ಕೆಲಸವನ್ನು ಹೊಂದಿಸುವುದು ಹೇಗೆ?

ಪ್ರಶ್ನೆ, ತೀರ್ಥಹಳ್ಳಿಯಿಂದ:
ನಮ್ಮೂರಿನ ಮಹಿಳೆಯರು ಸೇರಿ ಕೌದಿ ಹೊಲಿಯುವ ಗುಂಪೊಂದನ್ನು ಕಟ್ಟಿಕೊಂಡಿದ್ದೇವೆ. ಅಡಿಕೆ ಕೊಯ್ಲಿನಲ್ಲಿ ಯಾರಿಗೂ ಬಿಡುವಿರುವುದಿಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ವರ್ಷದ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಸಾಗರದಿಂದ:
ಮಾರ್ಚ್‌ನಿಂದ ಮೇವರೆಗಿನ ಬಿಸಿಲನ್ನು ಬಟ್ಟೆಗೆಂದೇ ಮೀಸಲಿಡಿ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಸಂಗ್ರಹಿಸಿ, ಬಣ್ಣ ಬಿಡುವಂಥವನ್ನು ಬೇರೆಯಾಗಿ ನೆನೆಸಿ ಒಗೆದು, ಗರಿಗರಿಯಾಗಿ ಒಣಗಿಸಿ, ಕತ್ತರಿಸಿ ಗಂಟು ಕಟ್ಟಿಡಬೇಕು; ತೇವ ಸ್ವಲ್ಪ ಉಳಿದರೂ ಆಷಾಢದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಗದ್ದೆ ನಾಟಿಯ ದಿನಗಳನ್ನು ಬಿಟ್ಟರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲಿ ಒಟ್ಟಾಗಿ ಕುಳಿತು ಹೊಲಿಯುವುದಕ್ಕಿಂತ ಒಳ್ಳೆಯ ಕೆಲಸ ಮಲೆನಾಡಿನಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಶಿವಮೊಗ್ಗದಿಂದ:
ವರ್ಷಕ್ಕೊಮ್ಮೆಯಾದರೂ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಮಹಿಳೆಯರ ಕೌದಿಗಳನ್ನು ನೋಡಿ ಬನ್ನಿ. ಅವರು ಅಂಚಿನಲ್ಲಿ ಆರಂಭಿಸಿ, ತುಂಡುಗಳ ತುದಿಯನ್ನು ಒಳಕ್ಕೆ ಮಡಚಿ ಸೇರಿಸುತ್ತ, ಸುತ್ತಲೂ ಉದ್ದ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ‘ಫುಲ’ಗಳನ್ನು ಕೂರಿಸುತ್ತಾರೆ. ಅವರಿಂದ ಕಲಿಯುವುದಾದರೆ ಸಂಭಾವನೆ ಕೊಟ್ಟೇ ಕಲಿಯಬೇಕು, ಅದು ನ್ಯಾಯ.

ಹೊಸನಗರದಿಂದ:
ಕೊಯ್ಲಿನ ತಿಂಗಳುಗಳಲ್ಲಿ ಗುಂಪಿನ ಕೆಲಸವನ್ನು ನಿಲ್ಲಿಸುವುದೇ ಲೇಸು. ಬಿಡುವಾದವರು ಮನೆಯಲ್ಲೇ ತೊಟ್ಟಿಲಿನ ಕೌದಿ ಹೊಲಿಯಲಿ. ಅದು ಮಡಿಲಲ್ಲೇ ಹಿಡಿಯುವಷ್ಟು ಚಿಕ್ಕದು. ಎಳೆಗೂಸಿನ ಮೈಗೆ ತಾಗುವ ಪದರಕ್ಕೆ ಒಗೆದು ಒಗೆದು ಮೆತ್ತಗಾದ ಸೀರೆಯನ್ನೇ ಬಳಸಿ, ಜರಿಯಂಚನ್ನು ಮಾತ್ರ ಕತ್ತರಿಸಿ ತೆಗೆಯಿರಿ.