ಎರಡು 100 ಮೈಕ್ರೋಹೆನ್ರಿ ಕಾಯಿಲ್ ಪ್ಯಾರಲಲ್ ಹಾಕಿದರೆ 50 ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ 12 ವೋಲ್ಟಿನಿಂದ 5 ವೋಲ್ಟ್ ಕೊಡುವ ಬಕ್ ಕನ್ವರ್ಟರ್ ಮಾಡುತ್ತಿದ್ದೇನೆ. 50 ಮೈಕ್ರೋಹೆನ್ರಿ ಇಂಡಕ್ಟನ್ಸಿನ ಕಾಯಿಲ್ ಬೇಕಿತ್ತು, ಎಸ್‌ಪಿ ರೋಡಿನಲ್ಲಿ 100ರದ್ದೇ ಸಿಕ್ಕಿತು. ಎರಡನ್ನು ಪ್ಯಾರಲಲ್ ಹಾಕಿದೆ. ಎಲ್‌ಸಿಆರ್ ಮೀಟರ್ 44 ತೋರಿಸುತ್ತಿದೆ. ಬೇರೆ ಬೇರೆ ಅಳೆದರೆ ಎರಡೂ ಸರಿಯಾಗಿ 100 ಇವೆ.

ಉತ್ತರ: ಲೆಕ್ಕ ಸರಿಯಾಗಿದೆ. ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಬೇಕು: 100 × 100 ÷ 200 = 50. ರೆಸಿಸ್ಟರಿಗೆ ಮಾಡುವ ಹಾಗೆಯೇ. ಆದರೆ ಒಂದು ಕಾಯಿಲಿನ ಕಾಂತಕ್ಷೇತ್ರ ಇನ್ನೊಂದನ್ನು ಮುಟ್ಟದಿದ್ದರೆ ಮಾತ್ರ ಇದು ನಿಜ. ನಿಮ್ಮವು ಡ್ರಮ್ ಆಕಾರದವಾ? ಪಕ್ಕಪಕ್ಕ ಅಂಟಿಕೊಂಡಿವೆಯಾ?

ಪ್ರಶ್ನೆ: ಹೌದು ಮೇಡಂ, ಒಂದಕ್ಕೊಂದು ತಾಗಿಕೊಂಡೇ ಇವೆ.

ಉತ್ತರ: ಅಲ್ಲೇ ಇದೆ ನೋಡಿ ವಿಷಯ. ಡ್ರಮ್ ಕೋರಿನಲ್ಲಿ (ತಂತಿ ಸುತ್ತಿರುವ ಒಳಭಾಗ) ಕಾಂತಕ್ಷೇತ್ರ ಹೊರಗಿನ ಗಾಳಿಯಲ್ಲಿ ಸುತ್ತಿ ಬರುತ್ತದೆ. ಒಂದರಲ್ಲಿ ಮೇಲೆ ಹೋದದ್ದು ಪಕ್ಕದ್ದರಲ್ಲಿ ಕೆಳಗೆ ಇಳಿಯುತ್ತದೆ. ಹಾಗಾಗಿ ಒಂದು ಇನ್ನೊಂದನ್ನು ಎದುರಿಸುತ್ತದೆ. ಹೀಗೆ ಒಂದರ ಕ್ಷೇತ್ರ ಇನ್ನೊಂದನ್ನು ಮುಟ್ಟುವುದರ ಅಳತೆಯನ್ನು ಮ್ಯೂಚುವಲ್ ಇಂಡಕ್ಟನ್ಸ್ (ಎಂ) ಅನ್ನುತ್ತೇವೆ. ಸಮಾನ ಕಾಯಿಲ್‌ಗಳು ಎದುರಿಸಿದರೆ ಒಟ್ಟು (100 − ಎಂ) ÷ 2. ನಿಮ್ಮ 44ರಿಂದ ಹಿಂದೆ ಹೋದರೆ ಎಂ ಅಂದರೆ 12.

ಸುಮ್ನೆ ನನ್ನ ಮಾತು ನಂಬಬೇಡಿ. ಒಂದು ಕಾಯಿಲಿನ ಎರಡು ಕಾಲು ಅದಲು ಬದಲು ಮಾಡಿ ಅಳೆಯಿರಿ. (100 + 12) ÷ 2, ಅಂದರೆ 56ರ ಹತ್ತಿರ ಬರಬೇಕು. ಆಮೇಲೆ ಎರಡನ್ನೂ ಮೂರ್ನಾಲ್ಕು ಸೆಂಟಿಮೀಟರ್ ದೂರ ಇಡಿ.

ಪ್ರಶ್ನೆ: ಬಂತು ಮೇಡಂ! ತಿರುಗಿಸಿದಾಗ 56, ದೂರ ಇಟ್ಟಾಗ 50. ಬೋರ್ಡಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ?

ಉತ್ತರ: ತುಂಬಾ ಖುಷಿಯಾಯಿತು, ಅಳೆದೇ ನೋಡಿದಿರಲ್ಲ! ಜಾಗ ಇಲ್ಲದಿದ್ದರೆ ಟೊರಾಯ್ಡ್ (ಬಳೆಯಾಕಾರದ ಕೋರ್) ಅಥವಾ ಶೀಲ್ಡ್ ಇರುವ ಕಾಯಿಲ್ ಹಾಕಿ. ಅವುಗಳ ಕ್ಷೇತ್ರ ಬಹುಪಾಲು ಒಳಗೇ ಉಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಹತ್ತಿರ 100 ಮತ್ತು 47 ಇವೆ, ಎರಡೂ 1 ಆಂಪಿಯರಿನವು. ಸೇರಿಸಿದರೆ 2 ಆಂಪಿಯರ್ ಎಳೆಯಬಹುದಾ?

ಉತ್ತರ: ಬೇಡ. ಒಟ್ಟು 32 ಮೈಕ್ರೋಹೆನ್ರಿ ಆಗುತ್ತದೆ, ಅದು ಸರಿ. ಕರೆಂಟ್ ಮಾತ್ರ ಸಮನಾಗಿ ಹಂಚಿಕೆಯಾಗುವುದಿಲ್ಲ. ಡಿಸಿ ಕರೆಂಟ್ ಹಂಚಿಕೆಯಾಗುವುದು ತಂತಿಯ ರೆಸಿಸ್ಟೆನ್ಸ್ ನೋಡಿಕೊಂಡು. 47ರದ್ದು 0.1 ಓಮ್, 100ರದ್ದು 0.2 ಓಮ್ ಇದೆ ಅಂದುಕೊಳ್ಳಿ. ಆಗ 47ರದ್ದರಲ್ಲಿ 1.33 ಆಂಪಿಯರ್ ಹರಿಯುತ್ತದೆ. ರಿಪಲ್, ಅಂದರೆ ಕರೆಂಟಿನ ಏರಿಳಿತ ಕೂಡ ಅದರಲ್ಲೇ ಜಾಸ್ತಿ. ಕೋರ್ ಸ್ಯಾಚುರೇಟ್ ಆಗಿ (ಇನ್ನು ಹೆಚ್ಚು ಕಾಂತಕ್ಷೇತ್ರ ಹಿಡಿಯಲಾರದೆ) ಸ್ವಿಚ್ಚಿಂಗ್ ಐಸಿ ಸುಟ್ಟುಹೋಗಬಹುದು. ಒಂದೇ ಪಾರ್ಟ್ ನಂಬರಿನ ಎರಡು ತಗೊಳ್ಳಿ.