ತರಬೇತಿಯಲ್ಲಿ “ತಿಳೀತು” ಅಂತಾರೆ, ಹದಿನೈದು ದಿನಕ್ಕೆ ಮರೆತಿರುತ್ತಾರೆ. ಹೇಗೆ ಕಲಿಸಲಿ?

ಹಾವೇರಿ ಕಡೆಯವಳು:
ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಲೆಕ್ಕ ಬರೆಯೋದು ಕಲಿಸ್ತೀನಿ. ಎರಡೇ ದಿನದಲ್ಲಿ ನಡಾವಳಿ, ನಗದು ಪುಸ್ತಕ, ಉಳಿತಾಯ, ಸಾಲದ ಖಾತೆ ನಾಲ್ಕೂ ಮುಗಿಸಬೇಕು. ಕೊನೇ ಸಂಜೆ ಕೇಳಿದರೆ “ತಿಳೀತ್ರೀ ಅಕ್ಕಾರ” ಅಂತಾರೆ. ಹದಿನೈದು ದಿನ ಬಿಟ್ಟು ಊರಿಗೆ ಹೋದರೆ ಎಲ್ಲ ಕಡೆ ಅದೇ ತಪ್ಪು. 5,000 ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಆಕೆ ಕಟ್ಟಿದ್ದು 600. ಅಸಲಿಗೆ 500, ಬಡ್ಡಿಗೆ 100 ಹೋಗಬೇಕು. ಆದರೆ 600 ಪೂರ್ತಿ ಅಸಲಿನ ಕಾಲಂನಲ್ಲಿ ಕೂತಿರುತ್ತೆ, ಬಾಕಿ 4,400 ಅಂತ. ಇದರಿಂದ ಸಂಘದಲ್ಲಿ ಜಗಳ ಆಗಿದ್ದನ್ನ ನೋಡಿದ್ದೀನಿ. ಅವರು ದಡ್ಡರಲ್ಲ. ನಾನು ಕಲಿಸೋದರಲ್ಲೇ ಏನೋ ತಪ್ಪಿದೆ.

ಮನಶ್ಶಾಸ್ತ್ರದ ಮೇಷ್ಟ್ರು:
ಮೇಡಂ, ಅವರು ಸುಳ್ಳು ಹೇಳ್ತಿಲ್ಲ. ಆ ಸಂಜೆಯ ಮಟ್ಟಿಗೆ ತಿಳಿದದ್ದು ನಿಜ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನುವವರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನ ಎರಡು ಸಲ ಓದಿಸಿದರು. ಇನ್ನೊಂದನ್ನ ಒಮ್ಮೆ ಓದಿಸಿ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲು: ನೂರಕ್ಕೆ 81ರಷ್ಟು ನೆನಪಿತ್ತು, ಬರೆಸಿದ್ದು 75. ವಾರ ಕಳೆದ ಮೇಲೆ ಓದಿದ್ದು 42ಕ್ಕೆ ಇಳಿದಿತ್ತು, ಬರೆಸಿದ್ದು 56ರಲ್ಲಿ ನಿಂತಿತ್ತು.

ಹಾಗಾಗಿ ಎರಡನೇ ದಿನ ಬೆಳಿಗ್ಗೆ ಮತ್ತೆ ವಿವರಿಸಬೇಡಿ. ಪುಸ್ತಕ ಮುಚ್ಚಿಸಿ, ನಿನ್ನೆಯ ಲೆಕ್ಕವನ್ನ ನೆನಪಿನಿಂದ ಬರೆಸಿ, ತಪ್ಪನ್ನ ಅಲ್ಲೇ ಕೂತು ತಿದ್ದಿ. ಸಾಧ್ಯವಾದರೆ ಎರಡು ದಿನವನ್ನ ಒಡೆದು ವಾರದ ಸಭೆಗಳಿಗೆ ಒಂದೊಂದು ಗಂಟೆ ಹಂಚಿ.

ನಿವೃತ್ತ ಶಿಕ್ಷಕಿ:
ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಹೊತ್ತು ದೊಡ್ಡವರಿಗೆ ಕಲಿಸಿದವಳು ನಾನು. ನೆನಪಿಗಿಂತ ಮೊದಲು ಅಂಜಿಕೆ ನೋಡಮ್ಮಾ. ಸಂಘದ ಪುಸ್ತಕದಲ್ಲಿ ಪೆನ್ನಿಂದ ಬರೆಯೋದು ಅಂದರೆ ಎಲ್ಲರೆದುರು ತಪ್ಪು ಮಾಡಿದ ಹಾಗೆ. ಮೊದಲು ಬಿಡಿ ಹಾಳೆ, ಪೆನ್ಸಿಲ್ ಕೊಡು.

ಬಾಯಿಲೆಕ್ಕದಲ್ಲಿ ಅವರು ನಮಗಿಂತ ಚುರುಕು. “ಮುಂದಿನ ತಿಂಗಳು ಅವಳ ಬಡ್ಡಿ ಎಷ್ಟು?” ಅಂತ ಕೇಳಿ ನೋಡು, ತೊಂಬತ್ತು ಅಂತ ತಟ್ಟನೆ ಬರುತ್ತೆ. ಬಾಕಿ 4,500 ಅಂತ ಗೊತ್ತಿಲ್ಲದೆ ತೊಂಬತ್ತು ಹೇಳೋಕಾಗಲ್ಲ. ಬರೋ ಲೆಕ್ಕ ಅದು, ಅವರಿಗೆ ಹೊಸದು ಕಾಲಂ ಒಂದೇ. ಎರಡು ಸ್ಟೀಲ್ ಬಟ್ಟಲು ಇಡು. ಒಂದಕ್ಕೆ ಐನೂರರ ನೋಟು, ಇನ್ನೊಂದಕ್ಕೆ ನೂರರದ್ದು ಅವರ ಕೈಯಿಂದಲೇ ಹಾಕಿಸು. ಆಮೇಲೆ ಬಟ್ಟಲಿನ ಪಕ್ಕದಲ್ಲೇ ಹಾಳೆ ಇಟ್ಟು ಬರೆಸು.

ಹಾವೇರಿ ಕಡೆಯವಳು:
ಬುಧವಾರ ಒಂದು ಸಂಘದಲ್ಲಿ ಮಾಡಿದೆ, ಸಾಲದ ಖಾತೆ ಮಾತ್ರ. ಗೊತ್ತಿದ್ದೇ 600ನ್ನೂ ಒಂದೇ ಬಟ್ಟಲಿಗೆ ಹಾಕಿದೆ. ಎಂದೂ ಬಾಯಿಬಿಡದ ಒಬ್ಬಾಕೆ ಹಿಂದಿನ ಸಾಲಿಂದ ಎದ್ದು ಬಂದು ನೂರರ ನೋಟು ತೆಗೆದು ಆಚೆ ಬಟ್ಟಲಿಗೆ ಹಾಕಿ, “ಇದು ಸಂಘದ ಗಳಿಕಿರೀ ಅಕ್ಕಾರ, ಸಾಲದಾಗ ಕಳೀಬ್ಯಾಡ್ರಿ” ಅಂದರು. ಪೆನ್ಸಿಲ್ ಅವರ ಕೈಗೇ ಕೊಟ್ಟೆ. ಮುಂದಿನ ಬುಧವಾರ ಬಟ್ಟಲಿಲ್ಲದೆ, ಪುಸ್ತಕ ಮುಚ್ಚಿಸಿ ಬರೆಸ್ತೀನಿ. ಏನಾಯ್ತು ಅಂತ ಇಲ್ಲೇ ಬರೀತೀನಿ.